ಬೇಗ ಮಲಗಿ ಅನ್ನೋ ಸಲಹೆ ಸಾಕು ಮಾಡಿ

ಈ ಸಲದ ಪತ್ರಗಳಲ್ಲೂ ಅದೇ ದೂರು. ಮನಸ್ಸು ಕುಗ್ಗಿದೆ, ನಿದ್ದೆ ಬರ್ತಿಲ್ಲ, ಏನು ತಿನ್ನಲಿ, ಏನು ಕುಡಿಯಲಿ? ಸಂಜೆ ಮೇಲೆ ಕಾಫಿ ಬೇಡ, ಹಾಸಿಗೆಯಲ್ಲಿ ಮೊಬೈಲ್ ಬೇಡ ಅನ್ನೋದು ನಿಮಗೆಲ್ಲ ಗೊತ್ತಿದೆ. ಅದನ್ನು ಮತ್ತೆ ಹೇಳುವುದಿಲ್ಲ.

ಪ್ರಶ್ನೆ: ನನಗೆ 46 ವರ್ಷ. ಖಿನ್ನತೆ ಅಂತ ಡಾಕ್ಟರು ಮಾತ್ರೆ ಶುರು ಮಾಡಿ ಹತ್ತು ದಿನ ಆಯ್ತು. ರಾತ್ರಿ 9ಕ್ಕೇ ಮಲಗುತ್ತೇನೆ, 10ಕ್ಕೆ ನಿದ್ದೆ ಹತ್ತುತ್ತದೆ. 3ಕ್ಕೆ ಎಚ್ಚರ. ಆಮೇಲೆ 7ರವರೆಗೆ ಹೊರಳಾಟ. ಬ್ರಾಹ್ಮೀ ಮುಹೂರ್ತದಲ್ಲಿ ಎಚ್ಚರ ಆಗೋದು ಒಳ್ಳೇದು ಅಂತಾರೆ ಮನೆಯವರು. ಇನ್ನೂ ಬೇಗ ಮಲಗಲೇ? ಮೆಡಿಕಲ್ ಶಾಪಿನವರು ಕೊಟ್ಟ ಅಲ್ಪ್ರಝೋಲಾಮ್ ಅನ್ನೋ ನಿದ್ದೆ ಮಾತ್ರೆ ತಗೊಳ್ಳಲೇ? (ದಾವಣಗೆರೆ)

ಉತ್ತರ: ಎರಡೂ ಬೇಡ.

ಬೆಳಗಿನ ಜಾವ ಎಚ್ಚರ ಆಗುವುದು ಖಿನ್ನತೆಯ ಹಳೆಯ ಗುರುತು. ಅದು ಮುಹೂರ್ತವೂ ಅಲ್ಲ, ಯೂಟ್ಯೂಬಿನವರು ಹೆದರಿಸುವ ಹಾಗೆ ಗಾಳಿ ಚೇಷ್ಟೆಯೂ ಅಲ್ಲ. ರಾತ್ರಿಯ ಮೊದಲ ಭಾಗದಲ್ಲಿ ಗಾಢ ನಿದ್ದೆ ಮುಗಿದಿರುತ್ತದೆ. ಆಮೇಲೆ ಉಳಿಯುವುದು ತೆಳು ನಿದ್ದೆ, ಕನಸಿನ ನಿದ್ದೆ. ಖಿನ್ನತೆ ಅದನ್ನು ಸುಲಭವಾಗಿ ಮುರಿಯುತ್ತದೆ. ಜೊತೆಗೆ ಬೆಳಿಗ್ಗೆ ಮನಸ್ಸು ಕಲ್ಲಿನಷ್ಟು ಭಾರ, ಸಂಜೆಗೆ ಸ್ವಲ್ಪ ಹಗುರ. ನಿಮಗೂ ಹಾಗೇ ಆಗ್ತಿದ್ದರೆ ನಿಮ್ಮ ಡಾಕ್ಟರಿಗೆ ಇದೇ ಮಾತಿನಲ್ಲಿ ಹೇಳಿ.

ಈಗ ಲೆಕ್ಕ ನೋಡಿ. ಹಾಸಿಗೆಯಲ್ಲಿ 10 ಗಂಟೆ, ನಿದ್ದೆ 5 ಗಂಟೆ. ಉಳಿದ 5 ಗಂಟೆ ನೀವು ಚಿಂತೆ ಮಾಡ್ತಾ ಮಲಗಿರುತ್ತೀರಿ. ತಿಂಗಳುಗಟ್ಟಲೆ ಹೀಗಾದರೆ ಹಾಸಿಗೆ ಕಂಡ ಕೂಡಲೇ ಮಿದುಳು ಎಚ್ಚರಗೊಳ್ಳುವುದನ್ನು ಕಲಿಯುತ್ತದೆ. ನಿದ್ದೆ ಸಾಲದವರಿಗೆ ಬೇಗ ಮಲಗಿ ಅನ್ನುವುದು ಕೇಳಲು ಸರಿ ಅನ್ನಿಸುತ್ತದೆ, ಮಾಡುವುದು ಮಾತ್ರ ಕೇಡು. ಈ ಸಲಹೆ ಕೊಡುವ ನೆಂಟರಿಷ್ಟರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಹಾಗಾಗಿ ಇನ್ನು ಮೇಲೆ ಮಲಗುವುದು ರಾತ್ರಿ 11.30ಕ್ಕೆ, ಏಳುವುದು ಬೆಳಿಗ್ಗೆ 5.30ಕ್ಕೆ. ಭಾನುವಾರವೂ ಅಷ್ಟೇ. ರಾತ್ರಿ ಎಷ್ಟೇ ಕೆಟ್ಟಿರಲಿ, ಏಳುವ ಹೊತ್ತು ಬದಲಾಗಬಾರದು. ಇದೇ ಮುಖ್ಯ. ನಡುವೆ ಎಚ್ಚರವಾಗಿ ಇಪ್ಪತ್ತು ನಿಮಿಷದಷ್ಟು ಆಯಿತು ಅನ್ನಿಸಿದರೆ ಎದ್ದು ಬನ್ನಿ. ಗಡಿಯಾರ ನೋಡಬೇಡಿ, ಅದನ್ನು ಗೋಡೆ ಕಡೆ ತಿರುಗಿಸಿಡಿ. ಹಾಲ್‌ನಲ್ಲಿ ಮಂದ ದೀಪ ಹಾಕಿ ಕೂತು ಒಗೆದ ಬಟ್ಟೆ ಮಡಚಿ, ಅವರೆಕಾಯಿ ಬಿಡಿಸಿ. ಕೈಗೆ ಕೆಲಸ ಇರಬೇಕು, ತಲೆಗೆ ಬೇಡ. ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಮಧ್ಯಾಹ್ನ ಊಟವಾದ ಮೇಲೆ ಮಲಗೋ ಅಭ್ಯಾಸ ಬಿಡಿ. ಬೆಳಕು ಹರಿದ ಮೇಲೆ ಅರ್ಧ ಗಂಟೆ ಹೊರಗೆ ನಡೆಯಿರಿ. ದೇಹದ ಗಡಿಯಾರ ಸರಿಹೋಗುವುದು ಆ ಬೆಳಕಿನಿಂದ.

ಮೊದಲ ವಾರ ಒದ್ದಾಟ ಜಾಸ್ತಿ. ಸುಸ್ತಾಗುತ್ತದೆ, ಇದೆಲ್ಲ ಬಿಟ್ಟುಬಿಡೋಣ ಅನ್ನಿಸುತ್ತದೆ. ಬಿಡಬೇಡಿ. ಹಾಸಿಗೆಯಲ್ಲಿರುವ ಹೊತ್ತೆಲ್ಲ ಹೆಚ್ಚುಕಡಿಮೆ ನಿದ್ದೆಯೇ ಆಗುವ ಹಾಗಾದಾಗ, ವಾರಕ್ಕೆ 15 ನಿಮಿಷ ಮೊದಲು ಮಲಗುತ್ತಾ ಬನ್ನಿ. ಆದರೆ ಬಸ್ಸು, ಲಾರಿ ಓಡಿಸುವವರು, ಫಿಟ್ಸ್ ಇರುವವರು, ತಮಗೋ ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ (ಮನಸ್ಸು ಒಮ್ಮೆ ತೀರಾ ಕುಗ್ಗಿ, ಒಮ್ಮೆ ಅತಿಯಾಗಿ ಉಬ್ಬುವ ಕಾಯಿಲೆ) ಇರುವವರು ಇದನ್ನು ತಾವೇ ಮಾಡಬೇಡಿ. ನಿದ್ದೆ ಕಡಿಮೆಯಾದರೆ ಬೈಪೋಲಾರ್ ಹಿನ್ನೆಲೆಯವರಲ್ಲಿ ಉನ್ಮಾದ ಕೆರಳಬಹುದು. ಈ ವಿಷಯದಲ್ಲಿ ನನಗೆ ಎಚ್ಚರಿಕೆ ಸ್ವಲ್ಪ ಜಾಸ್ತಿಯೇ.

ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು 2ರಿಂದ 4 ವಾರ ಬೇಕು. ಹತ್ತು ದಿನಕ್ಕೆ ನಿಲ್ಲಿಸುವ ಮಾತೇ ಬೇಡ. ಕೆಲವು ಮಾತ್ರೆಗಳು ನಿದ್ದೆ ಕೆಡಿಸುತ್ತವೆ, ಉದಾಹರಣೆಗೆ ಫ್ಲೂಆಕ್ಸೆಟಿನ್. ಅದನ್ನು ಸಾಮಾನ್ಯವಾಗಿ ಬೆಳಿಗ್ಗೆ ಕೊಡುತ್ತೇವೆ. ನಿಮ್ಮದು ಯಾವುದು, ಯಾವ ಹೊತ್ತಿಗೆ ಅಂತ ಡಾಕ್ಟರನ್ನು ಕೇಳಿ.

ಅಲ್ಪ್ರಝೋಲಾಮ್ ಚೀಟಿ ಇಲ್ಲದೆ ಮಾರುವ ಔಷಧವಲ್ಲ. ಅದು ಶೆಡ್ಯೂಲ್ ಎಚ್1ರಲ್ಲಿದೆ, ಅಂದರೆ ಕಟ್ಟುನಿಟ್ಟಾಗಿ ಮಾರಬೇಕಾದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿ. ಲೇಬಲ್ ಮೇಲೆ ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಅಚ್ಚಾಗಿರುತ್ತದೆ. ಬರೆದ ಡಾಕ್ಟರ, ರೋಗಿಯ ಹೆಸರನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಡಬೇಕು. ಸುಮ್ನೆ ಸ್ಟ್ರಿಪ್ ಕತ್ತರಿಸಿ ಕವರಿಗೆ ಹಾಕಿ ಕೊಟ್ಟವರು ನಿಮಗೆ ಉಪಕಾರ ಮಾಡಿಲ್ಲ. ಅದು ಖಿನ್ನತೆ ವಾಸಿ ಮಾಡುವುದಿಲ್ಲ, ಬಲು ಬೇಗ ಅಭ್ಯಾಸ ಹತ್ತಿಸುತ್ತದೆ. ಆದರೆ ಇಷ್ಟರಲ್ಲೇ ವಾರಗಟ್ಟಲೆ ತಗೊಂಡಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಫಿಟ್ಸ್ ಬರುವ ಅಪಾಯ ಇದೆ. ಡಾಕ್ಟರು ಮೆಲ್ಲಗೆ ಇಳಿಸಿಕೊಡುತ್ತಾರೆ.

ಇನ್ನೊಂದು. ಮೂರು ಗಂಟೆಯ ಕತ್ತಲಲ್ಲಿ ಸಾಲ, ಮಗಳ ಮದುವೆ, ಬದುಕು ಯಾವುದನ್ನೂ ತೀರ್ಮಾನ ಮಾಡಬೇಡಿ. ಸಾಯೋಣ ಅನ್ನಿಸಿದರೆ ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸಿ. ಅವರ ನಿದ್ದೆ ಕೆಟ್ಟರೆ ಕೆಡಲಿ. ಯಾರೂ ಇಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಿಂದ ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ರಾತ್ರಿ ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತೆ. ತಪ್ಪೇನು? (ಹುಬ್ಬಳ್ಳಿ)

ಉತ್ತರ: ನಡುರಾತ್ರಿ ಎಬ್ಬಿಸುವುದೂ ಅದೇ ಪೆಗ್, ಖಿನ್ನತೆ ಹೆಚ್ಚಿಸುವುದೂ ಅದೇ.

ಪ್ರಶ್ನೆ: ಕೈಗೆ ಕಟ್ಟಿದ ವಾಚು ಡೀಪ್ ಸ್ಲೀಪ್ ಕಡಿಮೆ ಅಂತ ತೋರಿಸುತ್ತೆ. (ಬೆಂಗಳೂರು)

ಉತ್ತರ: ಬಿಚ್ಚಿಡಿ.

ಪ್ರಶ್ನೆ: ನಮ್ಮೂರಲ್ಲಿ ಒಬ್ಬರು ನಿದ್ದೆಗೆ ಪುಡಿ ಕೊಡ್ತಾರೆ. ಅರ್ಧ ಗಂಟೆಯಲ್ಲಿ ನಿದ್ದೆ. (ಚಿತ್ರದುರ್ಗ)

ಉತ್ತರ: ಏನು ಬೆರೆಸಿದ್ದಾರೆ ಅಂತ ಬರೆದುಕೊಡಲು ಹೇಳಿ. ಕೊಡದಿದ್ದರೆ ಮುಟ್ಟಬೇಡಿ.

ಪ್ರಶ್ನೆ: ಬಾಣಂತನಕ್ಕೆ ಅಮ್ಮನ ಮನೆಗೆ ಬಂದಿದ್ದೇನೆ. ಮಗುವಿಗೆ ಎರಡು ತಿಂಗಳು. ಅದು ಮಲಗಿದಾಗಲೂ ನನಗೆ ನಿದ್ದೆ ಬರಲ್ಲ, ಅಳು ಬರುತ್ತೆ. ಎಲ್ಲರಿಗೂ ಹೀಗೇ ಆಗುತ್ತೆ, ಸರಿಹೋಗುತ್ತೆ ಅಂತಾರೆ ಅಮ್ಮ. (ಶಿವಮೊಗ್ಗ)

ಉತ್ತರ: ಎಲ್ಲರಿಗೂ ಹೀಗೆ ಆಗುವುದಿಲ್ಲ ತಾಯಿ. ಮಗು ಅತ್ತು ನಿದ್ದೆ ಕೆಡುವುದು ಬೇರೆ, ಮಗು ಮಲಗಿದ್ದಾಗಲೂ ನಿದ್ದೆ ಬಾರದಿರುವುದು ಬೇರೆ. ಹೆರಿಗೆಯಾದ ಮೊದಲ ಒಂದೆರಡು ವಾರದ ಅಳು ತಾನಾಗೇ ಹೋಗುತ್ತದೆ. ಎರಡು ತಿಂಗಳಿಗೂ ಇದ್ದರೆ ಅದು ಹೆರಿಗೆ ನಂತರದ ಖಿನ್ನತೆ ಇರಬಹುದು. ಹಾಲು ಕುಡಿಸುತ್ತಲೇ ತಗೊಳ್ಳಬಹುದಾದ ಔಷಧಗಳಿವೆ, ಆ ಭಯ ಬೇಡ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡ್ತೀನಿ ಅನ್ನಿಸಿದರೆ, ಇಲ್ಲದ ದನಿ ಕೇಳಿಸಿದರೆ, ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಿ. ಇಲ್ಲದಿದ್ದರೂ ಈ ವಾರವೇ ಮನೋವೈದ್ಯರನ್ನು ನೋಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ.