ಎಕ್ಸ್-ರೇ ಪಾಸ್, ಫೇಸ್ಡ್ ಅರೇಯಲ್ಲಿ ಸಿಗ್ನಲ್: ಯಾವುದನ್ನು ನಂಬಬೇಕು?

ನಮಸ್ಕಾರ. 12 ಮಿ.ಮೀ. ದಪ್ಪದ ಕಾರ್ಬನ್ ಸ್ಟೀಲ್ ಗ್ಯಾಸ್ ಪೈಪಿನ ವೆಲ್ಡ್ ಎಕ್ಸ್-ರೇಯಲ್ಲಿ ಪಾಸಾಗಿದೆ, ಆದರೆ ಫೇಸ್ಡ್ ಅರೇಯಲ್ಲಿ (ಅಲ್ಟ್ರಾಸೌಂಡ್ ಕಳಿಸಿ, ಅದರ ಪ್ರತಿಧ್ವನಿಯಿಂದ ಒಳಗಿನ ದೋಷ ಹುಡುಕುವ ಪರೀಕ್ಷೆ) ಸಿಗ್ನಲ್ ಬಂದಿದೆ ಅಂದಿದ್ದೀರಿ. ದಯವಿಟ್ಟು ಅದನ್ನು ಸುಮ್ನೆ ಬಿಡಬೇಡಿ.

ಬೆವೆಲ್ ಅಂಚಿನಲ್ಲಿ (ವೆಲ್ಡ್ ಮಾಡಲು ಓರೆಯಾಗಿ ಕತ್ತರಿಸಿದ ಪೈಪಿನ ಅಂಚು) ಲೋಹ ಸರಿಯಾಗಿ ಬೆಸೆಯದಿದ್ದರೆ ತೆಳುವಾದ, ಓರೆಯಾದ ಸೀಳು ಉಳಿಯುತ್ತದೆ. ಎಕ್ಸ್-ರೇ ಕಿರಣ ಅದರ ನೇರಕ್ಕೆ ಸಾಗದಿದ್ದರೆ ಫಿಲ್ಮಿನಲ್ಲಿ ಗುರುತೇ ಬೀಳದೆ ಹೋಗಬಹುದು. ಫೇಸ್ಡ್ ಅರೇ ಸಾಮಾನ್ಯವಾಗಿ 40ರಿಂದ 70 ಡಿಗ್ರಿವರೆಗೆ ಹಲವು ಕೋನಗಳಲ್ಲಿ ಶಬ್ದ ಕಳಿಸುತ್ತದೆ. ಹಾಗಾಗಿ ಇಂಥ ಸೀಳು ಅದಕ್ಕೆ ಸಿಕ್ಕಿಬೀಳುವುದೇ ಜಾಸ್ತಿ.

ಆದರೆ ವೆಲ್ಡಿನ ರೂಟ್ (ತಳಭಾಗ), ಕ್ಯಾಪ್‌ಗಳ (ಮೇಲ್ಪದರ) ಆಕಾರದಿಂದಲೂ ಪ್ರತಿಧ್ವನಿ ಬರುತ್ತದೆ, ಅಲ್ವಾ? ಅದಕ್ಕೇ ವೆಲ್ಡಿನ ಎರಡೂ ಬದಿಯಿಂದ ಸ್ಕ್ಯಾನ್ ಮಾಡಿಸಿ. ವೆಲ್ಡಿನ ಮಧ್ಯರೇಖೆಯಿಂದ ಪ್ರೋಬ್ (ಶಬ್ದ ಕಳಿಸುವ ಸಾಧನ) ಎಷ್ಟು ದೂರದಲ್ಲಿತ್ತು ಅಂತಲೂ ಅಳೆಯಿರಿ. ಅದು 2 ಮಿ.ಮೀ. ತಪ್ಪಿದರೆ ಸ್ಕ್ರೀನಿನಲ್ಲಿ ದೋಷದ ಜಾಗವೂ ಅಷ್ಟೇ ಸರಿಯುತ್ತದೆ.