ತೋಪಿನ ತುದಿಯ ಸಿಂಹ ಮತ್ತು ಅಟ್, ಆನ್, ಇನ್

ನೀವು ಕೇಳಿದ್ದು ಇಷ್ಟು: 'ಕೋಲಿನ ತುದಿಯಲ್ಲಿ ಬಾವುಟ ಇದೆ' ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಅಟ್ ದಿ ಎಂಡ್, ಆನ್ ದಿ ಎಂಡ್, ಇನ್ ದಿ ಎಂಡ್ ಈ ಮೂರರಲ್ಲಿ ಯಾವುದು ಸರಿ? ನಮಗೆ ಒಂದು 'ಅಲ್ಲಿ' ಸಾಕಾಗುವಾಗ ಅವರಿಗೆ ಮೂರು ಯಾಕೆ ಬೇಕು?

ಬಾವುಟಕ್ಕೆ ಆನ್ ದಿ ಎಂಡ್ ಹಾಕಿ. ಅಟ್ ಹಾಕಿದರೂ ತಪ್ಪಲ್ಲ. ಇನ್ ಮಾತ್ರ ಬೇಡ. ಆ ಇನ್ ಒಮ್ಮೆ ನನ್ನ ಮಾನ ಕಳೆದಿದೆ.

ನನ್ನ ಊರು ವಿಜಯಪುರ. ಕಾಲೇಜಿನಲ್ಲಿದ್ದಾಗ ರಜೆ ಬಂದರೆ ಹೊರಗಿನಿಂದ ಬಂದವರಿಗೆ ಊರು ತೋರಿಸುತ್ತಿದ್ದೆ. ಒಂದು ಸಲ ವಿದೇಶದ ಒಬ್ಬ ಅಜ್ಜಿಯನ್ನು ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಕರೆದುಕೊಂಡು ಹೋದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದ ತೋಪು ಅದು. ತೂಕ ಸುಮಾರು 55 ಟನ್. ತೋಪಿನ ಬಾಯಿಯನ್ನು ಸಿಂಹದ ಬಾಯಿಯ ಹಾಗೆ ಮಾಡಿದ್ದಾರೆ, ಹಲ್ಲಿನ ನಡುವೆ ಆನೆ ಸಿಕ್ಕಿಕೊಂಡಿದೆ. ನಾನು ಎದೆಯುಬ್ಬಿಸಿ 'ಇನ್ ದಿ ಎಂಡ್ ದೇರ್ ಈಸ್ ಎ ಲಯನ್' ಅಂದೆ. ಅಜ್ಜಿ ನಕ್ಕರು. 'ಅದಕ್ಕೂ ಮೊದಲು ಏನಾಗುತ್ತದೆ?' ಅಂತ ಕೇಳಿದರು.

ಆಗ ನನಗೆ ಏನೂ ಅರ್ಥವಾಗಲಿಲ್ಲ. ಸುಮ್ನೆ ಹಲ್ಲು ಕಿರಿದೆ. ಆಮೇಲೆ ಗೊತ್ತಾಯಿತು, ಇನ್ ದಿ ಎಂಡ್ ಅಂದರೆ ಜಾಗದ ಮಾತೇ ಅಲ್ಲ. ಅದು ನಮ್ಮ 'ಕಡೆಗೂ', 'ಅಂತೂ ಇಂತೂ' ಇದ್ದ ಹಾಗೆ. ನಾನು ಹೇಳಿದ್ದು 'ಕಡೆಗೆ ಒಂದು ಸಿಂಹ ಇರುತ್ತದೆ' ಅಂತ. ಅವರಿಗೆ ಯಾವುದೋ ಕಥೆಯ ಕೊನೆ ಹೇಳಿದ ಹಾಗೆ ಕೇಳಿಸಿದೆ.

ಹಾಗಾದರೆ ತುದಿಯ ಜೊತೆ ಇನ್ ಬರುವುದೇ ಇಲ್ಲವಾ? ಬರುತ್ತದೆ. ನಮ್ಮ ಭಾವನ ದ್ರಾಕ್ಷಿ ಪಡ ತಿಕೋಟಾದ ಕಡೆ ಇದೆ. ಅಲ್ಲಿನ ಒಂದು ಡ್ರಿಪ್ ಪೈಪಿನಲ್ಲಿ ಮೂರೂ ಸಿಗುತ್ತವೆ. ನೀರು ಹರಿದು ಹೋಗಬಾರದು ಅಂತ ಪೈಪಿನ ತುದಿಗೆ ಎಂಡ್ ಕ್ಯಾಪ್ ಹಾಕಿರುತ್ತಾರೆ. ಅದು 'ಎ ಕ್ಯಾಪ್ ಆನ್ ದಿ ಎಂಡ್ ಆಫ್ ದಿ ಪೈಪ್'. ಇಲಿ ಕಡಿದು ಆ ತುದಿಯಲ್ಲೇ ತೂತು ಮಾಡಿತು ಅನ್ನಿ, ಅದು 'ಎ ಹೋಲ್ ಇನ್ ದಿ ಎಂಡ್ ಆಫ್ ದಿ ಪೈಪ್'. ತೂತು ಪೈಪಿನ ಮೇಲೆ ಕೂತಿಲ್ಲ, ಪೈಪನ್ನೇ ತಿಂದು ಆಗಿದೆ, ಅದಕ್ಕೇ ಇನ್. ಇನ್ನು ಪೈಪು ಮುಗಿಯುವ ಕಡೆ ಒಂದು ಬೇವಿನ ಮರ ಇದೆ. ಮರ 'ಅಟ್ ದಿ ಎಂಡ್ ಆಫ್ ದಿ ಪೈಪ್'. ಪೈಪಿಗೂ ಮರಕ್ಕೂ ಏನೂ ಸಂಬಂಧ ಇಲ್ಲ. ಎಲ್ಲಿದೆ ಅಂತ ಗುರುತು ಹೇಳಿದೆವು, ಅಷ್ಟೇ.

ಗೊಂದಲವಾದರೆ ಮನಸ್ಸಿನಲ್ಲೇ ಪೈಪನ್ನು ಎಳೆಯಿರಿ. ಕ್ಯಾಪ್ ಜೊತೆಗೇ ಬರುತ್ತದೆ, ಅದು ಆನ್. ಬೇವಿನ ಮರ ಬರುವುದಿಲ್ಲ, ಅದು ಅಟ್. ನಿಮ್ಮ ಬಾವುಟ ಕೋಲಿನ ಜೊತೆ ಬರುತ್ತದೆ ಅಲ್ವಾ? ಅದಕ್ಕೇ ಆನ್ ಅಂದೆ. ರಸ್ತೆಯ ಕೊನೆಯ ಗುಡಿಗೆ ಆನ್ ಹಾಕಿದರೆ, ರಸ್ತೆಯ ತುದಿಗೆ ಗುಡಿ ಸಿಕ್ಕಿಸಿದ ಹಾಗೆ ಕೇಳುತ್ತದೆ.

ಆದರೆ ಜೊತೆಗೆ ಬರುವ ವಸ್ತುವಿಗೂ ಅಟ್ ನಡೆಯುತ್ತದೆ. ಹಗ್ಗದ ತುದಿಯ ಕೊಡಕ್ಕೆ ಇಂಗ್ಲಿಷಿನವರು ಎರಡೂ ಹೇಳುತ್ತಾರೆ. ಕಟ್ಟಿದ್ದು ಮನಸ್ಸಿನಲ್ಲಿದ್ದರೆ ಆನ್, ಎಲ್ಲಿದೆ ಅನ್ನೋದು ಮನಸ್ಸಿನಲ್ಲಿದ್ದರೆ ಅಟ್. ತೋಪಿನ ಸಿಂಹಕ್ಕೆ ನಾನು ಈಗ 'ಅಟ್ ಒನ್ ಎಂಡ್ ಆಫ್ ದಿ ಕ್ಯಾನನ್' ಅನ್ನುತ್ತೇನೆ. ಆ ತಲೆಯನ್ನು ಬೇರೆ ತಂದು ಸಿಕ್ಕಿಸಿದ್ದಲ್ಲ, ಅದು ತೋಪಿನದೇ ಭಾಗ. ಮೇಲಾಗಿ ಈ ತುದಿ, ಆ ತುದಿ ಅಂತ ಎರಡನ್ನೂ ಎಣಿಸುವಾಗ ಅಟ್ ಜಾಸ್ತಿ ಬಳಕೆಯಲ್ಲಿದೆ.

ನನ್ನ ಪೈಪಿನ ಪರೀಕ್ಷೆ ಕೈಕೊಡುವ ಜಾಗವೂ ಇದೆ. ಸಾಲಾಗಿ ಕೂತವರಲ್ಲಿ ಕೊನೆಯ ಸೀಟಿನವರನ್ನು 'ಸಿಟಿಂಗ್ ಆನ್ ದಿ ಎಂಡ್' ಅನ್ನುತ್ತಾರೆ. ಅವರನ್ನು ಯಾರೂ ಸಾಲಿಗೆ ಕಟ್ಟಿ ಹಾಕಿಲ್ಲ! ಫೋನಿನ ಆ ಕಡೆಯವರಿಗೂ 'ಆನ್ ದಿ ಅದರ್ ಎಂಡ್' ಅನ್ನುವುದುಂಟು, ಅಟ್ ಕೂಡ ಬರುತ್ತದೆ. ಇವನ್ನು ಕೇಳಿ ಕೇಳಿ ರೂಢಿ ಮಾಡಿಕೊಳ್ಳಬೇಕು.

ನಮಗೆ ಒಂದೇ 'ಅಲ್ಲಿ' ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ 'ಓಣಿ ತುದಿಗೆ ನಮ್ಮ ಮನಿ ಐತಿ' ಅಂತಾರೆ. 'ಹೆಸರು ನಾಲಿಗಿ ತುದಿಮ್ಯಾಲ ಐತಿ' ಅಂತಾರೆ. 'ಪೆಟ್ಟಿಗ್ಯಾಗ ಇಟ್ಟೀನಿ' ಅಂತಾರೆ. ಗೆ, ಮ್ಯಾಲ, ಆಗ, ನೋಡಿ ಮೂರಾದವು. ಪಠ್ಯಪುಸ್ತಕದ ಕನ್ನಡದಲ್ಲಿ ಯೋಚನೆ ಮಾಡಿದರೆ ಎಲ್ಲವೂ 'ಅಲ್ಲಿ'ಯಾಗಿ ಕಾಣುತ್ತದೆ, ಮನೆ ಮಾತಿನಲ್ಲಿ ಯೋಚಿಸಿದರೆ ವ್ಯತ್ಯಾಸ ತಾನಾಗಿ ಎದ್ದು ಬರುತ್ತದೆ. ಇಂಗ್ಲಿಷಿನ ಮೂರಕ್ಕೆ ಇವು ತಾಳೆಯಾಗುವುದಿಲ್ಲ ನಿಜ, ಬಡಿಗೆಗೆ ಗೆಜ್ಜೆ ಕಟ್ಟಿದರೂ ನಾವು 'ತುದಿಗೆ' ಅಂತಲೇ ಅನ್ನುತ್ತೇವೆ. ನಾಲಿಗೆಯದು ಮಾತ್ರ ಅಲ್ಲೂ ಆನ್, ಇಲ್ಲೂ ಮೇಲೆ. ಆದರೆ ಅಲ್ಲಿ ಎಂಡ್ ಅನ್ನಬೇಡಿ, ಟಿಪ್ ಅನ್ನಿ. ಸೂಜಿ, ಬೆರಳು, ನಾಲಿಗೆಯಂಥ ಚೂಪಾದ ತುದಿಗೆ ಟಿಪ್.

ಮೂಲೆಯ ವಿಷಯ ಬೇರೆ. ಕೋಣೆಯ ಒಳಮೂಲೆಗೆ ಇನ್ ದಿ ಕಾರ್ನರ್, ಬೀದಿಯ ಮೂಲೆಗೆ ಅಟ್ ಅಥವಾ ಆನ್. ಗೋಳಗುಮ್ಮಟದ ನಾಲ್ಕು ಮೂಲೆಗೆ ಏಳು ಅಂತಸ್ತಿನ ಮಿನಾರುಗಳಿವೆ, ಅವಕ್ಕೆ ಅಟ್.

ಗೋಳಗುಮ್ಮಟ ಅಂದಾಗ ನೆನಪಾಯಿತು. ಅದೇ ಅಜ್ಜಿಯನ್ನು ಅದೇ ದಿನ ಅಲ್ಲಿಗೂ ಕರೆದುಕೊಂಡು ಹೋಗಿದ್ದೆ. ಒಂದು ಮಿನಾರಿನ ಕಿರಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಗುಮ್ಮಟದ ಒಳಗಿನ ಪಿಸುಮಾತಿನ ಗ್ಯಾಲರಿಗೆ ಬಂದೆವು. ಇಲ್ಲಿ ಪಿಸುಗುಟ್ಟಿದರೆ ಅಲ್ಲಿ ಕೇಳುತ್ತದೆ ಅಂತ ತೋರಿಸಬೇಕಿತ್ತು. ಬೆಳಗಿನ ತಪ್ಪು ತಿದ್ದಿಕೊಂಡೆ ಅಂತ ಖುಷಿಯಲ್ಲಿದ್ದೆ. 'ಯು ಸ್ಟ್ಯಾಂಡ್ ಅಟ್ ದಿ ಅದರ್ ಎಂಡ್' ಅಂದೆ. ಅಜ್ಜಿ ಗೋಡೆಯ ಉದ್ದಕ್ಕೂ ಬೆರಳು ತೋರಿಸುತ್ತಾ ಒಂದು ಸುತ್ತು ತಿರುಗಿ ಮತ್ತೆ ನನ್ನ ಹತ್ತಿರವೇ ಬೆರಳು ನಿಲ್ಲಿಸಿದರು. 'ವೇರ್ ಈಸ್ ದಿ ಎಂಡ್?' ಅಂದರು.

ಗುಂಡಗಿರುವುದಕ್ಕೆ ತುದಿ ಎಲ್ಲಿಂದ ಬರಬೇಕು? 'ಆನ್ ದಿ ಅದರ್ ಸೈಡ್' ಅನ್ನಬೇಕಿತ್ತು. ಅದನ್ನು ಅವರೇ ಆ ಕಡೆ ಹೋಗಿ ನಿಂತು, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರು. ನನಗೆ ಸ್ಪಷ್ಟವಾಗಿ ಕೇಳಿಸಿತು.