ಕೂಡುರಸ್ತೆಗೆ ರಂಬಲ್ ಸ್ಟ್ರಿಪ್ ಹಾಕಿದರೆ ಅಪಘಾತ ಕಡಿಮೆಯಾಗುತ್ತಾ?

ಪ್ರಶ್ನೆ: ನಮ್ಮ ಹಳ್ಳಿ ರಸ್ತೆ ಹೆದ್ದಾರಿಗೆ ಸೇರುವಲ್ಲಿ ಸಿಗ್ನಲ್ ಇಲ್ಲ, ಸ್ಟಾಪ್ ಫಲಕ ಮಾತ್ರ ಇದೆ. ಅಪಘಾತ ಆಗುತ್ತಲೇ ಇರುತ್ತವೆ. ರಂಬಲ್ ಸ್ಟ್ರಿಪ್ (ರಸ್ತೆಗೆ ಅಡ್ಡಲಾಗಿ ಸಾಲಾಗಿ ಹಾಕುವ ಗಡಗಡ ಪಟ್ಟಿಗಳು) ಹಾಕಿಸಿ ಅಂತ ಕೆಲವರು, ಹಾಕಿದರೆ ಸಣ್ಣಪುಟ್ಟ ಡಿಕ್ಕಿ ಜಾಸ್ತಿ ಆಗುತ್ತವೆ ಅಂತ ಇನ್ನು ಕೆಲವರು. ಯಾವುದು ನಿಜ?

ಉತ್ತರ: ಎರಡೂ ನಿಜ. ಅಮೆರಿಕದ ಅಯೋವಾ, ಮಿನ್ನೆಸೋಟಾ ರಾಜ್ಯಗಳ ಇಂಥದೇ ಕೂಡುರಸ್ತೆಗಳ ಅಧ್ಯಯನದಲ್ಲಿ ಸಾವು ಮತ್ತು ಗಂಭೀರ ಗಾಯದ ಅಪಘಾತಗಳು ಇಳಿದವು, ಬರೀ ವಾಹನ ಜಖಂ ಆಗುವಂಥವು ಏರಿದವು. ನಾನಂತೂ ಹಾಕಿಸಿ ಅಂತಲೇ ಹೇಳುತ್ತೇನೆ. ಬಂಪರ್ ಹೋದರೆ ಹೊಸದು ತರಬಹುದು, ಜೀವ ತರೋಕಾಗುತ್ತಾ?

ಆದರೆ ರಂಬಲ್ ಸ್ಟ್ರಿಪ್ ಮಾಡುವ ಕೆಲಸ ಒಂದೇ. ಅದು ಹಂಪ್ ಅಲ್ಲ, ಗಾಡಿಯನ್ನು ತಡೆಯುವುದಿಲ್ಲ. ಗಡಗಡ ಸದ್ದು, ಸ್ಟೀರಿಂಗ್‌ನಲ್ಲಿ ನಡುಕ, ಅಷ್ಟೇ. ಎಷ್ಟೋ ದೂರ ನೇರ ರಸ್ತೆಯಲ್ಲಿ ಓಡಿಸಿ ಮಂಪರು ಹತ್ತಿದವನನ್ನು, ಫೋನ್ ನೋಡುತ್ತಿದ್ದವನನ್ನು ಅದು ಎಚ್ಚರಿಸುತ್ತದೆ. ಮುಂದಿನದು ಅವನ ಬ್ರೇಕ್‌ಗೆ ಬಿಟ್ಟಿದ್ದು. ಹಾಗಾಗಿ ಎಲ್ಲಿ ಹಾಕುತ್ತೀರಿ ಅನ್ನೋದೇ ಮುಖ್ಯ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ನೋಡಿ, ಅರ್ಥಮಾಡಿಕೊಂಡು, ಕಾಲು ಬ್ರೇಕ್‌ಗೆ ಹೋಗುವಷ್ಟರಲ್ಲಿ 2.5 ಸೆಕೆಂಡ್, ಅಂದರೆ 55 ಮೀಟರ್ ಕಳೆದಿರುತ್ತದೆ, ಆಮೇಲೆ ಗಾಬರಿಯಿಲ್ಲದೆ ನಿಲ್ಲಿಸಲು ಇನ್ನೂ 70 ಮೀಟರ್‌ಗಿಂತ ಜಾಸ್ತಿ ಬೇಕು. ಫಲಕದ ಪಕ್ಕದಲ್ಲೇ ಪಟ್ಟಿ ಬಳಿದರೆ ಏನೂ ಉಪಯೋಗವಿಲ್ಲ. 'ಮುಂದೆ ನಿಲ್ಲಿಸಿ' ಅನ್ನುವ ಎಚ್ಚರಿಕೆ ಫಲಕದ ಆಸುಪಾಸಿನಲ್ಲಿ ಪಟ್ಟಿಗಳ ಮೊದಲ ಗುಂಪು ಇರಬೇಕು, ಸದ್ದು ಕೇಳಿ ತಲೆಯೆತ್ತಿದವನಿಗೆ ಆ ಫಲಕ ಕಾಣಬೇಕು, ಗಿಡಗಂಟಿ ಮುಚ್ಚಿರಬಾರದು.

ಸಣ್ಣ ಡಿಕ್ಕಿ ಯಾಕೆ ಏರುತ್ತವೆ? ಮುಂದಿನವನು ಸದ್ದಿಗೆ ಬೆಚ್ಚಿ ಬ್ರೇಕ್ ಒತ್ತಿದರೆ ಹಿಂದಿನವನು ಗುದ್ದಬಹುದು. ಪಟ್ಟಿ ತಪ್ಪಿಸಲು ಎದುರಿನ ಸಾಲಿಗೆ ನುಗ್ಗುವವರೂ ಇದ್ದಾರೆ, ಇದು ನಿಜಕ್ಕೂ ಅಪಾಯ.

ಇನ್ನೊಂದು ಮಾತು. ಹಾಕಿಸುವ ಮೊದಲು ಆದ ಅಪಘಾತಗಳನ್ನು ಒಂದೊಂದಾಗಿ ನೋಡಿ. ನಿಲ್ಲಿಸದೇ ನುಗ್ಗಿದ್ದರಿಂದ ಆದವಾ? ಹಾಗಿದ್ದರೆ ರಂಬಲ್ ಸ್ಟ್ರಿಪ್ ಸರಿಯಾದ ಮದ್ದು. ಆದರೆ ಚಾಲಕ ನಿಲ್ಲಿಸಿ, ಹೆದ್ದಾರಿಯ ಗಾಡಿ ಇನ್ನೂ ದೂರ ಇದೆ ಅಂದುಕೊಂಡು ದಾಟಲು ಹೋಗಿ ಸಿಕ್ಕಿಬಿದ್ದಿದ್ದರೆ? ಅವನು ಎಚ್ಚರವಾಗಿಯೇ ಇದ್ದ ಅಲ್ವಾ, ಅವನಿಗೆ ಗಡಗಡ ಸದ್ದು ಏನು ಮಾಡೀತು! ಅಲ್ಲಿ ಮೂಲೆಯ ಮರೆ ತೆಗೆಸಬೇಕು, ಹೆದ್ದಾರಿಯ ವೇಗ ಇಳಿಸಬೇಕು, ಸಾಧ್ಯವಾದರೆ ವೃತ್ತ ಮಾಡಿಸಬೇಕು.

ಪಕ್ಕದಲ್ಲಿ ಮನೆಗಳಿದ್ದರೆ ರಾತ್ರಿಯಿಡೀ ಸದ್ದು ಕೇಳುತ್ತದೆ, ಅವರನ್ನು ಮೊದಲೇ ಕೇಳಿ. ಸೈಕಲ್, ಬೈಕಿನವರಿಗೆ ಅಂಚಿನಲ್ಲಿ ಸ್ವಲ್ಪ ಜಾಗ ಬಿಡಿಸಿ. ಪಟ್ಟಿ ಸವೆದಾಗ ಮತ್ತೆ ಹಾಕುವವರು ಯಾರು ಅಂತಲೂ ಆಗಲೇ ಬರೆಸಿಕೊಳ್ಳಿ.